ನಾಲ್ಕು ಹನ್ನೆರಡರ ಮೇಷ್ಟ್ರು

"ಇದನ್ನ ಗುಜರಿಯವ್ನೂ ಮುಟ್ಟಲ್ಲ ಮೇಡಂ" ಎಂದ ಮಹೇಂದ್ರ. "ಇಂಥ ಮಿಷನ್ನು ಅಂತ ಮೊದ್ಲೇ ಗೊತ್ತಿದ್ದಿದ್ರೆ ನಾನು ಕಾರ್ಡೇ ಮಾರ್ತಿರ್ಲಿಲ್ಲ."

ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರಿನ ಪೆಟ್ಟಿಗೆಯನ್ನು ಅವನು ಎರಡೇ ಬೆರಳಿನಿಂದ ಅತ್ತ ತಳ್ಳಿ, ಆ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಸತ್ತ ಹೆಗ್ಗಣವನ್ನು ಮುಟ್ಟಿದವನ ಹಾಗೆ.

ಸಬ್ ಇನ್ಸ್‌ಪೆಕ್ಟರ್ ಭಾನುಪ್ರಿಯ ಬೆತ್ತದ ಕುರ್ಚಿಯಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು. ಬಾಗಿಲಿಗೆ ಅಡ್ಡವಾಗಿ ಕಾನ್‌ಸ್ಟೇಬಲ್ ಸ್ವಾಮಿ ನಿಂತಿದ್ದ. ಇದೇ ಕೋಣೆಯಲ್ಲಿ, ಇದೇ ಪೆಟ್ಟಿಗೆಯ ಪಕ್ಕದಲ್ಲಿ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮುನಿಶಾಮಯ್ಯ ಭಾನುವಾರ ಸಂಜೆ ಹೆಣವಾಗಿ ಸಿಕ್ಕಿದ್ದರು. ಇವತ್ತು ಗುರುವಾರ.

ಚನ್ನಪಟ್ಟಣದ ಈ ಬೀದಿಯಲ್ಲಿ ಮನೆಮನೆಯಲ್ಲೂ ಬೊಂಬೆ ಕಡೆಯುತ್ತಾರೆ. ಕಿಟಕಿಯಿಂದ ಬಿಸಿ ಅರಗಿನ ವಾಸನೆ ಬರುತ್ತಿತ್ತು. ಮೇಷ್ಟ್ರು ಹದಿನಾಲ್ಕು ವರ್ಷದಿಂದ ಆ ಕುಶಲಕರ್ಮಿಗಳಿಗೆಲ್ಲ ಇದೇ ಕಂಪ್ಯೂಟರಿನಲ್ಲಿ ಬೊಂಬೆಗಳ ನಕ್ಷೆ ಬರೆದುಕೊಟ್ಟವರು. ಒಂಟಿ ಮನುಷ್ಯ. ಗೋಡೆಯ ತುಂಬ ಆನೆ, ಗಿಳಿ, ಬುಗುರಿಗಳ ಚಿತ್ರಗಳಿದ್ದವು. ಅವರದೇ ಒಂದು ಫೋಟೋ ಇರಲಿಲ್ಲ.

ದೊಡ್ಡ ಚಿತ್ರಗಳನ್ನು ಪರದೆಗೆ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ತರಿಸಿ, ತಾವೇ ಹಾಕಲು ಹೋಗಿ, ಶಾಕ್ ಹೊಡೆದು ಸತ್ತರು. ಇದು ಇನ್ಸ್‌ಪೆಕ್ಟರ್ ಸಾಹೇಬರ ತೀರ್ಮಾನ. ಇಂಥ ಕೇಸಿಗೆ ನಾಲ್ಕು ದಿನ ತಿರುಗುವವಳಿಗೆ ಮನೆಯಲ್ಲಿ ಕೆಲಸವಿಲ್ಲವೇ ಎಂದು ಅವರು ಬೆಳಿಗ್ಗೆ ಎಲ್ಲರ ಮುಂದೆ ಕೇಳಿದ್ದರು. ಭಾನುಪ್ರಿಯ ಸೆಲ್ಯೂಟ್ ಹೊಡೆದು ಹೊರಗೆ ಬಂದಿದ್ದಳು. ಅವರಿಗೆ ಉತ್ತರ ಕೊಡುವಷ್ಟು ಗೌರವ ಅವಳಲ್ಲಿ ಉಳಿದಿರಲಿಲ್ಲ.

ಮಾಗಡಿ ಕಡೆಯ ಗುಡೇಮಾರನಹಳ್ಳಿಯ ಈ ಹೆಣ್ಣುಮಗಳು ಪೊಲೀಸ್ ಪರೀಕ್ಷೆ ಬರೆಯುವ ಮೊದಲು ಆರು ವರ್ಷ ಒಂದು ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದಳು. ಹುಡುಗರು ಸುಟ್ಟುಹಾಕಿದ ಮಿಷನ್ನುಗಳನ್ನು ಬಿಚ್ಚಿ ಬಿಚ್ಚಿ ಅವಳ ಉಗುರು ಸವೆದಿತ್ತು. ಭಾನುವಾರ ಸಂಜೆ ಈ ಕೋಣೆಗೆ ಕಾಲಿಟ್ಟಾಗ ಅವಳಿಗೆ ಮೊದಲು ಬಂದದ್ದು ದುಃಖವಲ್ಲ, ಅಸಹ್ಯ. ಕೊಂದವನು ಇಷ್ಟು ದಡ್ಡನೇ?

ಕಂಪ್ಯೂಟರಿನ ಒಳಗೆ ಓಡುವುದು ಹನ್ನೆರಡು ವೋಲ್ಟು. ಅದು ಮನುಷ್ಯನನ್ನು ಕೊಲ್ಲುವುದಿಲ್ಲ. ಕೊಲ್ಲುವಂಥ ಕರೆಂಟ್ ಇರುವುದು ಹಿಂಬದಿಯ ಸಪ್ಲೈ ಡಬ್ಬಿಯಲ್ಲಿ. ಅದರ ನಾಲ್ಕು ಸ್ಕ್ರೂಗಳ ಮೇಲೂ ವರ್ಷಗಳ ಧೂಳು ಹಾಗೇ ಕೂತಿತ್ತು. ಸ್ವಾಮಿ ಟೆಸ್ಟರ್ ಇಟ್ಟು ನೋಡಿದ್ದ, ಪೆಟ್ಟಿಗೆಯ ಮೈಮೇಲೆ ಎಲ್ಲೂ ಕರೆಂಟ್ ಇರಲಿಲ್ಲ.

ಮೇಷ್ಟ್ರ ಬಲ ಅಂಗೈಯಲ್ಲಿ ಸುಟ್ಟ ಗುರುತಿತ್ತು. ಅದೇ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅದರ ಪ್ಲಾಸ್ಟಿಕ್ ಹಿಡಿಗೆ ಮಾತ್ರ ಒಂದು ಕಲೆಯೂ ಇರಲಿಲ್ಲ.

ಸಾಲದ್ದಕ್ಕೆ ಕಾರ್ಡು ಆಗಲೇ ಕೂತಾಗಿತ್ತು. ಸ್ಕ್ರೂ ಬಿಗಿದಾಗಿತ್ತು. ಪರದೆಯ ಕೇಬಲ್ಲು ಕಾರ್ಡಿಗೇ ಸಿಕ್ಕಿಸಿತ್ತು. ಕೆಲಸವೆಲ್ಲ ಮುಗಿದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಸಾಯುವವರು ಯಾರು?

ಎದುರು ಮನೆಯ ದೊಡ್ಡಲಕ್ಷ್ಮಮ್ಮ ಭಾನುವಾರ ಹನ್ನೆರಡೂವರೆಗೆ ಮೇಷ್ಟ್ರಿಗೆ ಮುದ್ದೆ, ಸೊಪ್ಪಿನ ಸಾರು ಕೊಟ್ಟು, ಬೈರಮಂಗಲದ ನೆಂಟರ ಮನೆಗೆ ಹೋಗಿದ್ದರು. ಸಂಜೆ ಆರೂವರೆಗೆ ಬಂದು ತಟ್ಟೆ ತೆಗೆದುಕೊಳ್ಳಲು ಒಳಗೆ ಹೋದಾಗ ಹೆಣ ಕಂಡಿದ್ದರು. ಉಂಡು ಒಂದು ಗಂಟೆಯೊಳಗೆ ಜೀವ ಹೋಗಿದೆ, ಮಧ್ಯಾಹ್ನ ಎರಡು ಗಂಟೆ ದಾಟಿರಲು ಸಾಧ್ಯವೇ ಇಲ್ಲ ಎಂದು ಡಾಕ್ಟರು ಹೇಳಿದ್ದರು.

ಕಾರ್ಡಿನ ಡಬ್ಬಿಯ ಮೇಲೆ ರಾಮನಗರದ ಅಂಗಡಿಯೊಂದರ ಚೀಟಿ ಇತ್ತು. ಆ ಅಂಗಡಿಯವನೇ ಈ ಮಹೇಂದ್ರ. ಫೋನಿನಲ್ಲಿ ಆರ್ಡರ್ ಬಂತು, ಶನಿವಾರ ಸಂಜೆ ಗೇಟಿನ ಹತ್ತಿರ ಮೇಷ್ಟ್ರ ಕೈಗೆ ಡಬ್ಬಿ ಕೊಟ್ಟು ಹೋದೆ, ಒಳಗೆ ಕಾಲಿಟ್ಟಿಲ್ಲ, ಈ ಮಿಷನ್ನನ್ನು ಕಣ್ಣಿನಿಂದ ನೋಡಿಲ್ಲ ಎಂದು ಅವನು ಹೇಳಿಕೆ ಬರೆದುಕೊಟ್ಟಿದ್ದ. ಮಾರಿದವನ ಬೆರಳಚ್ಚು ಕಾರ್ಡಿನ ಮೇಲಿದ್ದರೆ ಅದು ಸಾಕ್ಷಿಯಾಗುವುದಿಲ್ಲ. ಅದಕ್ಕೇ ಭಾನುಪ್ರಿಯ ನಿನ್ನೆ ಆ ಕಾರ್ಡನ್ನು ಬಿಚ್ಚಿ ಮತ್ತೆ ಡಬ್ಬಿಯೊಳಗೆ ಇಟ್ಟು, ಇವತ್ತು ಅವನನ್ನು ಕರೆಸಿದ್ದಳು.

"ಹಾಕಿ" ಎಂದಳು. "ಹಾಕಿ, ಟೆಸ್ಟ್ ಮಾಡಿ ತೋರಿಸಿ. ಮೇಷ್ಟ್ರು ಏನು ತಪ್ಪು ಮಾಡಿದ್ರು ಅಂತ ರಿಪೋರ್ಟ್ ಬರೀಬೇಕು. ನನಗೆ ಇದೆಲ್ಲ ತಿಳಿಯಲ್ಲ."

ಮಹೇಂದ್ರನ ಮುಖದಲ್ಲಿ ಒಂದು ನಗು ಮೂಡಿ ಅಲ್ಲೇ ನಿಂತಿತು. ಮೂವತ್ತೈದರ ಆಸುಪಾಸಿನ, ಗಡ್ಡ ತೀಡಿದ, ಕೀ ಚೈನಿನಲ್ಲಿ ಪೆನ್‌ಡ್ರೈವ್ ನೇತುಹಾಕಿಕೊಂಡ ಮನುಷ್ಯ. ಅಂಗಡಿಯಲ್ಲಿ ಕೆಲಸ ಬಿಟ್ಟು ಬಂದಿದ್ದೇನೆ, ಇಂಥದ್ದನ್ನು ಯಾವ ಹುಡುಗನಾದರೂ ಮಾಡುತ್ತಾನೆ ಎಂದು ಗೊಣಗಿದ. ಅರವತ್ತು ದಾಟಿದವರಿಗೆ ಕಾರ್ಡು ಮಾರುವುದೇ ತಪ್ಪು, ಅವರಿಗೆ ಮೌಸ್ ಹಿಡಿಯಲು ಬರುವುದಿಲ್ಲ, ಆದರೂ ಎಲ್ಲ ತಮಗೇ ಗೊತ್ತು ಅನ್ನುತ್ತಾರೆ ಎಂದು ಸತ್ತವರನ್ನೂ ಬಿಡಲಿಲ್ಲ. ಭಾನುಪ್ರಿಯ ತಲೆಯಾಡಿಸುತ್ತ ಕೇಳಿಸಿಕೊಂಡಳು.

ಆದರೆ ಕೆಲಸಕ್ಕೆ ಕೈಹಾಕಿದ ಮೇಲೆ ಅವನ ಮಾತು ನಿಂತಿತು. ಪ್ಲಗ್ ಕಿತ್ತ. ಪೆಟ್ಟಿಗೆಯ ಪಕ್ಕದ ತಗಡು ಸರಿಸಿದ. ಮೈಯಲ್ಲಿರುವ ಕರೆಂಟು ಕಾರ್ಡಿಗೆ ತಾಗದಿರಲೆಂದು ಕಬ್ಬಿಣದ ಚೌಕಟ್ಟನ್ನು ಒಮ್ಮೆ ಮುಟ್ಟಿಕೊಂಡ. ಬ್ರಷ್ಷಿನಿಂದ ಸ್ಲಾಟಿನ ಧೂಳು ಗುಡಿಸಿ, ಕಾರ್ಡನ್ನು ಎರಡೂ ಅಂಚಿನಲ್ಲಿ ಹಿಡಿದು ಇಳಿಸಿದ. ಟಕ್ ಎಂದು ಕೊಂಡಿ ಕೂತಿತು. ಒಂದು ಸ್ಕ್ರೂ ಬಿಗಿದ. ಇದು ಚಿಕ್ಕ ಕಾರ್ಡು, ಬೇಕಾದ ಕರೆಂಟನ್ನು ಸ್ಲಾಟಿನಿಂದಲೇ ಎಳೆದುಕೊಳ್ಳುತ್ತದೆ, ಬೇರೆ ವೈರು ಬೇಡ ಎಂದು ಮಗುವಿಗೆ ಹೇಳುವಂತೆ ಹೇಳಿದ. ಪರದೆಯ ಕೇಬಲ್ಲನ್ನು ಹಳೆಯ ಜಾಗಕ್ಕೆ ಸಿಕ್ಕಿಸಬಾರದು, ಕಾರ್ಡಿಗೇ ಸಿಕ್ಕಿಸಬೇಕು, ತೊಂಬತ್ತು ಪಾಲು ಜನ ಅಲ್ಲೇ ಎಡವುತ್ತಾರೆ ಎಂದೂ ಹೇಳಿದ.

ಕೈ ಚೆನ್ನಾಗಿತ್ತು. ಭಾನುಪ್ರಿಯ ಅದನ್ನು ಮನಸ್ಸಿನಲ್ಲೇ ಒಪ್ಪಿಕೊಂಡಳು. ಇಷ್ಟು ಒಳ್ಳೆಯ ಕೈಯವನು ಇಷ್ಟು ಕೆಟ್ಟ ನಾಟಕ ಕಟ್ಟಿದನಲ್ಲ ಎನ್ನಿಸಿ ಅವನ ಮೇಲಿನ ತಿರಸ್ಕಾರ ಇನ್ನೂ ಹೆಚ್ಚಾಯಿತು.

ಮಹೇಂದ್ರ ಪ್ಲಗ್ ಹಾಕಿ, ಕಣ್ಣನ್ನು ಪರದೆಯ ಮೇಲಿಟ್ಟುಕೊಂಡೇ ಪೆಟ್ಟಿಗೆಯ ಮುಂಭಾಗಕ್ಕೆ ಕೈ ಚಾಚಿದ.

ಅಲ್ಲಿ ರೂಪಾಯಿಯಷ್ಟು ಅಗಲದ, ಹೊಳೆಯುವ ಪವರ್ ಬಟನ್ ಇತ್ತು. ಅದರ ಕೆಳಗೆ ಕಡಲೆಕಾಳಿನಷ್ಟು ಚಿಕ್ಕದಾದ ಇನ್ನೊಂದು. ಅವನ ಹೆಬ್ಬೆರಳು ದೊಡ್ಡದನ್ನು ದಾಟಿ ಇಳಿದು ಚಿಕ್ಕದನ್ನು ಒತ್ತಿತು.

ಫ್ಯಾನು ತಿರುಗಿತು. ಪರದೆ ಬೆಳಗಿತು.

ಬಾಗಿಲಲ್ಲಿದ್ದ ಸ್ವಾಮಿ ಏನೋ ಹೇಳಲು ಬಾಯಿ ತೆರೆದ. ಸೋಮವಾರ ಆ ದೊಡ್ಡ ಬಟನ್ನನ್ನು ಕಾಲು ಗಂಟೆ ಒತ್ತಿ ಒತ್ತಿ ಸೋತವನು ಅವನೇ. ಭಾನುಪ್ರಿಯ ಅವನತ್ತ ಕಣ್ಣು ಹಾಯಿಸಿದಳು, ಅಷ್ಟೇ. ಅವನು ಬಾಯಿ ಮುಚ್ಚಿಕೊಂಡ.

ಮಹೇಂದ್ರನಿಗೆ ಏನೂ ಗೊತ್ತಾಗಲಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿ ಟೆಸ್ಟ್ ಶುರು ಮಾಡಿದ. ಪರದೆಯ ಮೇಲೆ ಬಣ್ಣದ ಉಂಗುರವೊಂದು ಗಿರಗಿರ ತಿರುಗತೊಡಗಿತು. ಮೂಲೆಯಲ್ಲಿ ಕಾರ್ಡಿನ ಬಿಸಿ ಎಷ್ಟೆಂದು ತೋರಿಸುವ ಅಂಕಿ ಏರುತ್ತಿತ್ತು. ಅರ್ಧ ಗಂಟೆ ಹೀಗೇ ಓಡಬೇಕು, ಎಂಬತ್ತೈದು ದಾಟಬಾರದು, ನಡುವೆ ಪರದೆ ಮಿಣುಕಿದರೆ ಕಾರ್ಡು ದಂಡ ಎಂದು ವಿವರಿಸಿದ. ಐವತ್ತೆಂಟು. ಅರವತ್ತೊಂದು.

"ಮಹೇಂದ್ರ ಅವರೇ, ಈಗ ನೀವು ಯಾವ ಬಟನ್ ಒತ್ತಿದ್ರಿ?"

ಅವನು ಪೆಟ್ಟಿಗೆಯತ್ತ ನೋಡಿದ.

"ಕೆಳಗಿಂದು ರೀಸ್ಟಾರ್ಟ್ ಬಟನ್ನು" ಎಂದಳು ಭಾನುಪ್ರಿಯ. "ಅದರಲ್ಲಿ ಯಾರೂ ಮಿಷನ್ ಆನ್ ಮಾಡಲ್ಲ. ದೊಡ್ಡದು ಕೆಟ್ಟಿದ್ದಕ್ಕೆ ಮೇಷ್ಟ್ರು ಅದರ ವೈರನ್ನ ಚಿಕ್ಕದಕ್ಕೆ ಹಾಕಿಕೊಂಡಿದ್ರು. ಇದು ಅವರಿಗೆ ಗೊತ್ತಿತ್ತು. ನಿನ್ನೆ ಇದನ್ನ ಪೂರ್ತಿ ಬಿಚ್ಚಿ ನೋಡಿದ ಮೇಲೆ ನನಗೆ ಗೊತ್ತಾಯ್ತು. ಕಣ್ಣಿನಿಂದ ನೋಡೇ ಇಲ್ಲ ಅಂದವರಿಗೆ ಹೇಗೆ ಗೊತ್ತಾಯ್ತು?"

ಒಳಗೆ ವೈರು ಕಂಡಿತು, ನಮಗೆ ಒಂದೇ ನೋಟಕ್ಕೆ ತಿಳಿಯುತ್ತದೆ ಎಂದ ಮಹೇಂದ್ರ. ಮುಂಭಾಗದ ವೈರುಗಳೆಲ್ಲ ಒಟ್ಟಿಗೆ ಕಪ್ಪು ಟೇಪಿನಲ್ಲಿ ಸುತ್ತಿವೆ, ಯಾವುದು ಯಾವುದಕ್ಕೆ ಹೋಗಿದೆಯೆಂದು ತೋರಿಸಿ ಎಂದಳು ಅವಳು. ಅವನು ಬಗ್ಗಿ ನೋಡಿದ. ನೋಡುತ್ತಲೇ ಇದ್ದ.

"ಇಲ್ಲಿ ನೋಡು." ಬಹುವಚನ ಅಲ್ಲಿಗೆ ಮುಗಿಯಿತು. "ಈ ಕಾರ್ಡಿನ ಸಾಫ್ಟ್‌ವೇರ್ ಈ ಮಿಷನ್ನಿಗೆ ಹತ್ತಿದ್ದು ಭಾನುವಾರ ಮಧ್ಯಾಹ್ನ ನಾಲ್ಕು ಹನ್ನೆರಡಕ್ಕೆ. ಮಿಷನ್ನೇ ಬರೆದಿಟ್ಟುಕೊಂಡಿದೆ. ಇಂಟರ್ನೆಟ್ ಇದ್ದದ್ದರಿಂದ ಗಡಿಯಾರವೂ ಸರಿಯಾಗಿದೆ. ಮೇಷ್ಟ್ರು ಸತ್ತು ಎರಡು ಗಂಟೆ ಆದಮೇಲೆ ಇಲ್ಲಿ ಕೂತು ಇಷ್ಟು ನೀಟಾಗಿ ಕೆಲಸ ಮಾಡಿದವನು ನೀನು."

ಮಹೇಂದ್ರ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟ. ಸ್ವಾಮಿ ಎರಡು ಹೆಜ್ಜೆ ಒಳಗೆ ಬಂದ.

"ಬಂದಿದ್ದೆ ಮೇಡಂ" ಎಂದ ಕೊನೆಗೆ. "ಸುಳ್ ಹೇಳ್ಬುಟ್ಟೆ. ಶನಿವಾರ ಅಲ್ಲ, ಭಾನುವಾರ ನಾಲ್ಕು ಗಂಟೆಗೆ ಬಂದೆ. ಕಾರ್ಡ್ ಹಾಕ್ದೆ, ಟೆಸ್ಟ್ ಮಾಡ್ದೆ, ಹೋದೆ. ನಾನ್ ಹೋಗೋವಾಗ ಮೇಷ್ಟ್ರು ಚೆನ್ನಾಗೇ ಇದ್ರು."

ಭಾನುಪ್ರಿಯ ನಕ್ಕಳು. ಎರಡು ಗಂಟೆಗೆ ಸತ್ತವರು ನಾಲ್ಕು ಗಂಟೆಗೆ ಚೆನ್ನಾಗಿದ್ದರು ಎಂದು ಬರೆದುಕೋ ಎಂದು ಸ್ವಾಮಿಗೆ ಹೇಳಿದಳು. ಸ್ವಾಮಿ ನಿಜವಾಗಿಯೂ ಪುಸ್ತಕ ತೆಗೆದ.

ಮಹೇಂದ್ರ ತಾಯಿಯಾಣೆ ಎಂದ, ಮಕ್ಕಳಾಣೆ ಎಂದ. ಮೇಡಂ ಈಗ ಕೂತಿರುವ ಈ ಬೆತ್ತದ ಕುರ್ಚಿಯಲ್ಲೇ ಮೇಷ್ಟ್ರು ಕೂತಿದ್ದರು, ಸುಮಾರು ಒಂದು ಗಂಟೆ ನನ್ನ ಬೆನ್ನ ಹಿಂದೆಯೇ ಇದ್ದರು, ದೊಡ್ಡ ಬಟನ್ ಸತ್ತಿದೆ ಕಣಪ್ಪಾ, ಚಿಕ್ಕದನ್ನು ಒತ್ತು ಎಂದು ಹೇಳಿಕೊಟ್ಟವರು ಅವರೇ ಎಂದ. ಸೋಮವಾರ ಬೆಳಿಗ್ಗೆ ಅಂಗಡಿಗೆ ಬಂದವರೊಬ್ಬರು, ಕಾರ್ಡ್ ಹಾಕುವಾಗ ಶಾಕ್ ಹೊಡೆದು ಚನ್ನಪಟ್ಟಣದ ಮೇಷ್ಟ್ರು ಹೋದರಂತೆ ಎಂದಾಗ ಅವನು ಹೆದರಿಹೋದನಂತೆ. ಹಾಕಿದವನು ತಾನು. ತನ್ನ ಕೆಲಸದಿಂದಲೇ ಜೀವ ಹೋಯಿತು ಅನ್ನುತ್ತಾರೆ. ಅದಕ್ಕೇ ಗೇಟಿನಲ್ಲಿ ಕೊಟ್ಟು ಹೋದೆ ಎಂದು ಬರೆದುಕೊಟ್ಟ.

"ನನ್ ಕೆಲ್ಸದಲ್ಲಿ ಯಾವತ್ತೂ ಶಾಕ್ ಬಂದಿಲ್ಲ ಮೇಡಂ" ಎಂದು ಅಷ್ಟರಲ್ಲೂ ಸೇರಿಸಿದ. ಅವನ ಕಣ್ಣಲ್ಲಿ ನೀರಿತ್ತು.

ಭಾನುಪ್ರಿಯಳಿಗೆ ಆ ಕಣ್ಣೀರು ನೋಡಿ ಇನ್ನಷ್ಟು ರೇಗಿತು. ಸತ್ತವರನ್ನು ಅರ್ಧ ಗಂಟೆಯ ಹಿಂದಷ್ಟೇ ಹಳಿದ ಬಾಯಿ ಇದು. ಕೈಚೀಲದಿಂದ ಫೈಲ್ ತೆಗೆದು, ಪಿಂಚಣಿ ಪುಸ್ತಕದಿಂದ ದೊಡ್ಡದು ಮಾಡಿಸಿದ್ದ ಫೋಟೋವನ್ನು ಅವನ ಮೊಣಕಾಲಿನ ಮೇಲೆ ಇಟ್ಟಳು. ಇವರ ಮುಖ ನೋಡಿಕೊಂಡು ಇನ್ನೊಂದು ಸಲ ಹೇಳು ಎಂದಳು.

ಮಹೇಂದ್ರ ಕಣ್ಣೊರೆಸಿಕೊಂಡು ಫೋಟೋ ಎತ್ತಿದ. ಬೆಳಕಿಗೆ ಹಿಡಿದು ನೋಡಿದ. ಆಮೇಲೆ ತಲೆ ಎತ್ತಿದ.

"ಯಾರಿದು?"

ಪರದೆಯ ಮೇಲೆ ಉಂಗುರ ತಿರುಗುತ್ತಲೇ ಇತ್ತು.

ಹನ್ನೊಂದು ವರ್ಷದ ನೌಕರಿಯಲ್ಲಿ ಭಾನುಪ್ರಿಯ ನೂರಾರು ಸುಳ್ಳುಗಾರರನ್ನು ನೋಡಿದ್ದಳು. ಈ ಮುಖದಲ್ಲಿ ಸುಳ್ಳಿರಲಿಲ್ಲ. ಅವನು ನಿಜವಾಗಿಯೂ ಕೇಳುತ್ತಿದ್ದ.

ಮುನಿಶಾಮಯ್ಯ ಮೇಷ್ಟ್ರು ಇವರೇ ಎಂದು ಸ್ವಾಮಿ ಹೇಳಿದ. ಅಲ್ಲ ಎಂದ ಮಹೇಂದ್ರ. ಮೇಷ್ಟ್ರನ್ನು ಮೊದಲು ಎಂದೂ ನೋಡಿದವನಲ್ಲ ಅವನು. ಶುಕ್ರವಾರ ಫೋನ್ ಮಾಡಿದವರು ನಾನು ಮುನಿಶಾಮಯ್ಯ ಎಂದರು, ಭಾನುವಾರ ಬಾಗಿಲು ತೆಗೆದವರೂ ಅದನ್ನೇ ಹೇಳಿದರು, ನಂಬಿದ. ಆ ಮನುಷ್ಯನಿಗೂ ಅರವತ್ತರ ಮೇಲೆ. ಬಿಳಿ ಅಂಗಿ, ತೆಳ್ಳಗಿನ ಮೈ, ಸಣ್ಣ ದನಿ. ಗದರುವ ಜಾತಿಯಲ್ಲ. ಒಳಮನೆಯ ಬಾಗಿಲು ಹಾಕಿತ್ತು.

ಆ ಹಾಕಿದ ಬಾಗಿಲಿನ ಹಿಂದೆ ಏನಿತ್ತು ಎಂಬುದು ಮೂವರಿಗೂ ಒಟ್ಟಿಗೇ ಹೊಳೆಯಿತು. ಮಹೇಂದ್ರ ಸ್ಟೂಲಿನಿಂದ ಎದ್ದು ಆ ಬಾಗಿಲಿನಿಂದ ದೂರ ಸರಿದ.

ಭಾನುಪ್ರಿಯಳಿಗೆ ಈಗ ಯಾರ ಮೇಲೆ ಅಸಹ್ಯಪಡಬೇಕೋ ತಿಳಿಯಲಿಲ್ಲ. ಇನ್ಸ್‌ಪೆಕ್ಟರನ್ನು ದಡ್ಡ ಅಂದುಕೊಂಡಳು, ಕೊಂದವನನ್ನು ದಡ್ಡ ಅಂದುಕೊಂಡಳು, ಇವನನ್ನು ಕೊಲೆಗಾರ ಅಂದುಕೊಂಡಳು. ನಾಲ್ಕು ದಿನದಲ್ಲಿ ಈ ಒಂದು ಫೋಟೋ ತೋರಿಸಬೇಕೆಂದು ಅವಳಿಗೂ ತೋಚಿರಲಿಲ್ಲ. ಫೋಟೋವನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ಕಾರ್ಡ್ ಹಾಕಿದ ಮೇಲೆ ಅವನು ಏನು ಮಾಡಿದ? ಒಂದೂ ಬಿಡದೆ ಹೇಳಿ."

ಮೇಷ್ಟ್ರು ನಕ್ಷೆ ಬರೆಯುವ ಸಾಫ್ಟ್‌ವೇರ್ ಇಂಥ ಹಳೆಯ ಮಿಷನ್ನಿನಲ್ಲಿ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ ಎಂದು ಆ ಮನುಷ್ಯ ಹೇಳಿದ್ದನಂತೆ. ಆದರೆ ದೊಡ್ಡ ನಕ್ಷೆ ತೆರೆದರೆ ಮಿಷನ್ನು ಸತ್ತುಹೋಗುತ್ತಿತ್ತಂತೆ, ಅದಕ್ಕೇ ಕಾರ್ಡು. ಟೆಸ್ಟ್ ಮುಗಿದ ಮೇಲೆ ಆ ಮನುಷ್ಯ ಒಂದು ನಕ್ಷೆ ತೆರೆಸಿದ. ಅದು ಬೊಂಬೆಯಲ್ಲ, ಮರದ ಒಂದು ಪೆಟ್ಟಿಗೆ. ಒಳಗೆ ಗೂಡಿನೊಳಗೆ ಗೂಡು, ಕೀಲಿನೊಳಗೆ ಕೀಲು. ತಿರುಗಿಸು, ಮೇಲಿನಿಂದ ತೋರಿಸು, ಕೆಳಗಿನಿಂದ ತೋರಿಸು ಎಂದು ಹತ್ತು ನಿಮಿಷ ನೋಡಿ, ಫೋನಿನಲ್ಲಿ ಫೋಟೋ ತೆಗೆದುಕೊಂಡು, ಮಹೇಂದ್ರನಿಂದಲೇ ಆ ನಕ್ಷೆಯನ್ನು ಅಳಿಸಿಹಾಕಿಸಿದ. ಪಕ್ಕದ ತಗಡು ಮುಚ್ಚಬೇಡ, ಬಿಸಿಯಾಗುತ್ತದೆ, ಹಾಗೇ ಇರಲಿ ಎಂದ.

"ಆಮೇಲೆ, ಇದ್ರಲ್ಲಿ ಅರ್ಧ ಮಾತ್ರ ಐತೆ ಕಣಪ್ಪಾ, ಇನ್ನರ್ಧ ಕೂಟಗಲ್‌ನಲ್ಲಿ ನನ್ ಸ್ನೇಹಿತ್ರ ಮಿಷನ್ನಲ್ಲೈತೆ ಅಂದ್ರು. ಅವ್ರೂ ರಿಟೈರಾದ ಮೇಷ್ಟ್ರಂತೆ. ಅದೂ ಇಂಥದೇ ಹಳೇ ಪೆಟ್ಟಿಗೆ, ಅದಕ್ಕೂ ಒಂದು ಕಾರ್ಡ್ ಹಾಕ್ಬೇಕು ಅಂದ್ರು."

"ಯಾವಾಗ?"

"ಗುರುವಾರ. ಇವತ್ತೇ."

ಅವನ ಅಂಗಡಿಯಲ್ಲಿ ನಿಖಾತ್ ಎಂಬಾಕೆ ಪಾಲುದಾರಳು. ರಿಪೇರಿಯಲ್ಲಿ ಅವನಿಗಿಂತ ಒಂದು ಕೈ ಮೇಲು. ಫೋನ್ ಮಾಡಿದವರು ಸತ್ತರೂ ಕೂಟಗಲ್‌ನವರಿಗೆ ಕಾರ್ಡು ಬೇಕಲ್ಲ, ಮಾಲು ತರಿಸಿಟ್ಟಾಗಿದೆಯಲ್ಲ ಎಂದುಕೊಂಡಿದ್ದ ಅವನು. ಇವತ್ತು ಬೆಳಿಗ್ಗೆ ಅಂಗಡಿಯ ನಂಬರಿಗೆ ಕರೆ ಬಂದು, ಕೂಟಗಲ್‌ಗೆ ಯಾವಾಗ ಬರುತ್ತೀರಿ ಎಂದು ಯಾರೋ ನಿಖಾತಳನ್ನು ಕೇಳಿದ್ದರು. ಮಹೇಂದ್ರನನ್ನು ಪೊಲೀಸರು ಕರೆಸಿದ್ದಾರೆ, ನಾನೇ ಬರುತ್ತೇನೆ ಎಂದು ಅವಳು ಒಪ್ಪಿಕೊಂಡಿದ್ದಳು. ಒಂದು ಗಂಟೆಗೆ ಸ್ಕೂಟರಿನಲ್ಲಿ ಹೊರಟಿದ್ದಳು.

ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಜೀಪ್ ತೆಗೆಯಲು ಸ್ವಾಮಿ ಓಡಿದ. ಕೂಟಗಲ್ ಹತ್ತಿರದ ಠಾಣೆಗೆ ವೈರ್‌ಲೆಸ್ಸಿನಲ್ಲಿ ಹೇಳು ಎಂದು ಭಾನುಪ್ರಿಯ ಅವನ ಹಿಂದೆ ಕೂಗಿ, ನಿಖಾತಳಿಗೆ ಕರೆ ಮಾಡಲು ಮಹೇಂದ್ರನಿಗೆ ಹೇಳಿದಳು. ಏನೂ ಹೇಳಬೇಡಿ, ಅಂಗಡಿಯಲ್ಲಿ ತುರ್ತು ಇದೆ, ಎದ್ದು ಬಾ ಅಂತಷ್ಟೇ ಹೇಳಿ ಎಂದಳು. ಎರಡು ಸಲ ಕರೆ ಹತ್ತಲಿಲ್ಲ. ಮೂರನೆಯ ಸಲಕ್ಕೆ ರಿಂಗಾಯಿತು. ಭಾನುಪ್ರಿಯ ಸ್ಪೀಕರ್ ಒತ್ತಿದಳು.

"ಹೇಳು ಮಹೇಂದ್ರ" ಎಂದಳು ನಿಖಾತ್. ನಿರಾಳವಾದ ದನಿ. ಹಿಂದೆ ಫ್ಯಾನು ತಿರುಗುವ ಸದ್ದಿತ್ತು. "ಕಾರ್ಡ್ ಹಾಕಾಯ್ತು, ಟೆಸ್ಟ್ ನಡೀತೈತೆ. ಅರವತ್ತೆಂಟು ಡಿಗ್ರಿ, ಏನೂ ತೊಂದ್ರೆ ಇಲ್ಲ. ಮೇಷ್ಟ್ರು ಇಲ್ಲೇ ನನ್ ಹಿಂದೆ ಕೂತವ್ರೆ. ನಿನ್ನೇ ಕೇಳ್ತಾವ್ರೆ, ಒಸಿ ಮಾತಾಡು."

ಮಹೇಂದ್ರ ಬೇಡ ಅನ್ನುವಷ್ಟರಲ್ಲಿ ಫೋನು ಕೈ ಬದಲಾಯಿಸಿದ ಸದ್ದಾಯಿತು. ಯಾರೋ ಗಂಟಲು ಸರಿಮಾಡಿಕೊಂಡರು.

"ಏನಪ್ಪಾ ಮಹೇಂದ್ರ" ಎಂದಿತು ಸಣ್ಣ ದನಿ, ಬಹಳ ಸಮಾಧಾನದಿಂದ. "ಪೊಲೀಸ್ನೋರು ಎದುರಿಗೇ ಅವ್ರಾ?"